ಸ್ಟ್ರಾಂಗಮ್ಮನ ಬಲಗೈ

ನನ್ನ ದೊಡ್ಡಮ್ಮನನ್ನು ಯಾರಾದರೂ ‘ತುಂಬಾ ಸ್ಟ್ರಾಂಗ್’ ಎಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಹೇಳಿದವರು ಹೊಗಳಿದೆ ಅಂದುಕೊಂಡಿರುತ್ತಾರೆ. ನನ್ನ ಸಿಂಡರಿಸಿದ ಮುಖ ನೋಡಿ, ಒಳ್ಳೆ ಮಾತಾಡಿದರೂ ಇವಳಿಗೆ ಆಗುವುದಿಲ್ಲವಲ್ಲ ಎಂದು ಅವರ ಮುಖವೂ ಸಣ್ಣಗಾಗುತ್ತದೆ. ಆಗಲಿ ಬಿಡಿ.

ನಾನು ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಈ ಪದ ಕಿವಿಗೆ ಬೀಳುತ್ತಲೇ ಇರುತ್ತದೆ. ತಲೆನೋವೆಂದು ಬಂದವರು ‘ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಮ್ಮ’ ಅನ್ನುತ್ತಾರೆ. ಮಗುವಿಗಾದರೆ ‘ಅಷ್ಟು ಸ್ಟ್ರಾಂಗ್ ಬೇಡ’. ನಮ್ಮ ಮಾಲೀಕರು ಪಕ್ಕದ ಅಂಗಡಿಗೆ ಟೀ ಹೇಳುವಾಗ ‘ಸ್ಟ್ರಾಂಗಾಗಿ ಒಂದು’ ಎಂದು ಕೂಗುತ್ತಾರೆ. ಫಿನಾಯಿಲಿನ ವಾಸನೆ ಸ್ಟ್ರಾಂಗು, ಹೊಸ ಬೀಗ ಸ್ಟ್ರಾಂಗು, ಚುನಾವಣೆ ಬಂತೆಂದರೆ ಯಾವನೋ ಒಬ್ಬ ಅಭ್ಯರ್ಥಿ ಸ್ಟ್ರಾಂಗು. ಇಂಗ್ಲಿಷಿನ ಒಂದಕ್ಷರ ಬಾರದವರ ಬಾಯಲ್ಲೂ ಈ ಪದ ಸಲೀಸಾಗಿ ಓಡಾಡುತ್ತದೆ. ವಸ್ತುಗಳಿಗೆ ಏನು ಬೇಕಾದರೂ ಹೇಳಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಮಾತ್ರೆ ಸ್ಟ್ರಾಂಗ್ ಎಂದು ಗೊತ್ತಾದರೆ ಜನ ಎರಡರ ಬದಲು ಒಂದು ನುಂಗುತ್ತಾರೆ. ಮನುಷ್ಯರು ಸ್ಟ್ರಾಂಗ್ ಎಂದು ಗೊತ್ತಾದರೆ ಮಾತ್ರ ಒಂದರ ಬದಲು ಎರಡು ಹೊರಿಸುತ್ತಾರೆ. ಇದು ಯಾವ ನ್ಯಾಯ?

ನನ್ನ ಅಮ್ಮನ ತವರುಮನೆಯಲ್ಲಿ ಮೂವರು ಮಕ್ಕಳು. ದೊಡ್ಡಮ್ಮ ಹಿರಿಯಳು, ಆಮೇಲೆ ಅಮ್ಮ, ಕೊನೆಗೆ ಮಾವ. ಮಾವ ಹುಟ್ಟಿದಾಗಿನಿಂದಲೂ ದುಂಡುದುಂಡಗೆ ಇದ್ದನಂತೆ. ಅಜ್ಜಿ ಬೆಳಿಗ್ಗೆ ಕಾರ್ಖಾನೆಗೆ ಹೊರಟರೆ ಸಂಜೆಯವರೆಗೂ ಅವನ ಜಾಗ ದೊಡ್ಡಮ್ಮನ ಸೊಂಟ. ಕೆಳಗಿಳಿಸಿದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದ. ಆಗಿನ ಒಂದು ಫೋಟೋ ನಮ್ಮ ಮನೆಯಲ್ಲಿದೆ. ದೊಡ್ಡಮ್ಮ ಬಾಗಿಲ ಬಳಿ ನಿಂತಿದ್ದಾಳೆ, ಮಾವ ಅವಳ ಸೊಂಟದ ಮೇಲೆ ರಾಜನ ಹಾಗೆ ಕೂತಿದ್ದಾನೆ. ಅವನ ಪಾದ ಅವಳ ಮಂಡಿಯ ಹತ್ತಿರ ಬಂದಿದೆ, ಅಷ್ಟು ದೊಡ್ಡವನು. ಮನೆಗೆ ಬಂದ ನೆಂಟರೆಲ್ಲ ಅದನ್ನು ನೋಡಿ ‘ಆಗ್ಲೇ ಎಷ್ಟು ಸ್ಟ್ರಾಂಗ್ ನೋಡು ಇವಳು!’ ಅನ್ನುತ್ತಾರೆ. ಅವಳು ಒಂದು ಪಕ್ಕಕ್ಕೆ ಪೂರ್ತಿ ವಾಲಿಕೊಂಡಿದ್ದಾಳೆ ಎನ್ನುವುದು ಅವರ ಯಾರ ಕಣ್ಣಿಗೂ ಬಿದ್ದಿಲ್ಲ.

ದೊಡ್ಡಪ್ಪ ತೀರಿಕೊಂಡ ದಿನ ನಾನು ಸಣ್ಣವಳು, ಆದರೆ ಕಂಡದ್ದು ಚೆನ್ನಾಗಿ ನೆನಪಿದೆ. ದೊಡ್ಡಪ್ಪನ ತಂಗಿ ಮತ್ತೆಮತ್ತೆ ಮೂರ್ಛೆ ಹೋಗುತ್ತಿದ್ದರು. ಅವರ ಮುಖಕ್ಕೆ ನೀರು ಚಿಮುಕಿಸಿ, ಬೀಸಣಿಗೆಯಲ್ಲಿ ಗಾಳಿ ಹಾಕಿ, ಎಬ್ಬಿಸಿ ಕೂರಿಸುತ್ತಿದ್ದವಳು ದೊಡ್ಡಮ್ಮ. ಗಂಡನನ್ನು ಕಳೆದುಕೊಂಡವಳು ಯಾರು, ಸಮಾಧಾನ ಮಾಡಿಸಿಕೊಳ್ಳುತ್ತಿರುವವರು ಯಾರು ಎಂದು ಹೊಸಬರಿಗೆ ಗೊಂದಲವಾಗಬೇಕು. ಮಾವ ಬಂದ. ಅಕ್ಕನ ಹೆಗಲ ಮೇಲೆ ಕೈಯಿಟ್ಟು, ‘ನಿಂಗೆ ನಾನೇನು ಹೇಳ್ಲಿ ಅಕ್ಕ, ನೀನು ಮೊದ್ಲಿಂದ್ಲೂ ಸ್ಟ್ರಾಂಗು’ ಅಂದ. ಅಷ್ಟು ಹೇಳಿ ಬಸ್ಸು ತಪ್ಪುತ್ತದೆಂದು ಹೊರಟೇಬಿಟ್ಟ. ಆ ಒಂದು ಪದದಲ್ಲಿ ಅವನ ಕರ್ತವ್ಯವೆಲ್ಲ ಮುಗಿದುಹೋಗಿತ್ತು.

ಆಮೇಲೆ ಹೊಟ್ಟೆಪಾಡಿಗೆಂದು ದೊಡ್ಡಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ಮೂಳೆ ಮುರಿದವರ ವಾರ್ಡು. ಅಲ್ಲಿಗೆ ನಡೆದುಕೊಂಡು ಬರುವವರು ಅಪರೂಪ. ಟ್ರಾಲಿಯ ಮೇಲೆ ಮಲಗಿಯೇ ಬರುತ್ತಾರೆ. ಟ್ರಾಲಿಯಿಂದ ಮಂಚಕ್ಕೆ, ಮಂಚದಿಂದ ಮತ್ತೆ ಟ್ರಾಲಿಗೆ, ಎಕ್ಸ್‌ರೇ ಮುಗಿದ ಮೇಲೆ ಮತ್ತೆ ಮಂಚಕ್ಕೆ, ಹೀಗೆ ದಿನವಿಡೀ ಜನರನ್ನು ದಾಟಿಸುತ್ತಿರಬೇಕು. ಅದಕ್ಕೊಂದು ಕ್ರಮವಿದೆ. ರೋಗಿಯ ಮೈಕೆಳಗಿನ ದಪ್ಪ ಬೆಡ್‌ಶೀಟನ್ನೇ ಜೋಲಿಯ ಹಾಗೆ ಮಾಡಿಕೊಂಡು ಎತ್ತುವುದು. ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಜನವಿಲ್ಲದಿದ್ದರೆ ಒಂದೊಂದು ಕಡೆ ಒಬ್ಬರಾದರೂ ಬೇಕೇ ಬೇಕು. ಶೀಟಿನ ಅಂಚನ್ನು ರೋಗಿಯ ಮೈಗೆ ತಾಗುವವರೆಗೂ ಸುರುಳಿ ಸುತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ತಲೆಯ ಹತ್ತಿರ ನಿಂತವರು ‘ಹಿಡ್ಕೊಂಡ್ರಾ? ಹೂಂ... ಎತ್ತಿ!’ ಎಂದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು.

ಮೊದಮೊದಲು ಅವಳಿಗೊಬ್ಬಳು ಜೋಡಿ ಇದ್ದಳು. ತೀರಾ ಸಣಕಲು ಆಗಿದ್ದರಿಂದ ಎಲ್ಲರೂ ಅವಳನ್ನು ಕಡ್ಡಿಯಕ್ಕ ಎನ್ನುತ್ತಿದ್ದರು. ಇವಳು ಈ ಕಡೆ, ಅವಳು ಆ ಕಡೆ. ಇಬ್ಬರೂ ಹರಟೆ ಹೊಡೆಯುತ್ತಲೇ ಎಂಥ ದಡೂತಿಯನ್ನೂ ದಾಟಿಸಿಬಿಡುತ್ತಿದ್ದರು. ಕಡ್ಡಿಯಕ್ಕ ನಿವೃತ್ತಿಯಾದಳು. ಅವಳ ಜಾಗಕ್ಕೆ ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಆಫೀಸಿನವರು ಹೇಳಿದ್ದೇ ಬಂತು. ವಾರ್ಡ್ ಬಾಯ್ ಅಂತ ಒಬ್ಬ ಇದ್ದ. ಬಾಯ್ ಎನ್ನುವುದು ಹೆಸರಿಗಷ್ಟೆ, ದಪ್ಪ ಮೀಸೆ, ಮೊಮ್ಮಕ್ಕಳನ್ನು ಕಾಣುವ ವಯಸ್ಸು. ಟ್ರಾಲಿಯ ಚಕ್ರದ ಸದ್ದು ಕೇಳಿದೊಡನೆ ಅವನಿಗೆ ಟೀ ನೆನಪಾಗುತ್ತಿತ್ತು.

ಒಂದು ದಿನ ಬೇರೆ ಗತಿಯಿಲ್ಲದೆ ದೊಡ್ಡಮ್ಮ ಒಬ್ಬಳೇ ಉಪಾಯ ಕಂಡುಕೊಂಡಳು. ಟ್ರಾಲಿಯನ್ನು ಮಂಚಕ್ಕೆ ತಾಗಿಸಿ ನಿಲ್ಲಿಸಿ, ತಾನು ಮಂಚದ ಮೇಲೆ ಒಂದು ಮಂಡಿಯೂರಿ, ಶೀಟಿನ ಅಂಚನ್ನು ಬಲಗೈ ಮಣಿಕಟ್ಟಿಗೆ ಬಿಗಿದುಕೊಂಡು, ಇಡೀ ಮೈಭಾರ ಹಿಂದಕ್ಕೆ ಹಾಕಿ ಎಳೆದಳು. ರೋಗಿ ನಯವಾಗಿ ಜಾರಿ ಮಂಚಕ್ಕೆ ಬಂದ. ಬಂದದ್ದೇ ತಪ್ಪಾಯಿತು. ಒಬ್ಬಳಿಂದ ಆಗುತ್ತದೆ ಎಂದು ಗೊತ್ತಾದ ಮೇಲೆ ಇನ್ನೊಬ್ಬರನ್ನು ಯಾರು ಕಳಿಸುತ್ತಾರೆ? ಹೆಡ್ ಸಿಸ್ಟರ್ ಅಂತೂ ಬೇರೆ ವಾರ್ಡಿನವರನ್ನು ಕರೆತಂದು ಇದನ್ನು ತೋರಿಸುತ್ತಿದ್ದರು. ಅವರೇ ಇಟ್ಟ ಹೆಸರು ಸ್ಟ್ರಾಂಗಮ್ಮ. ‘ಸ್ಟ್ರಾಂಗಮ್ಮ ಎಲ್ಲಿ? ಕರೀರಿ!’ ಎನ್ನುವ ಕೂಗು ಮಹಡಿಯಿಂದ ಮಹಡಿಗೆ ಹೋಗುತ್ತಿತ್ತು. ದೊಡ್ಡಮ್ಮನಿಗೂ ಅದು ಹಿಡಿಸಿತ್ತು ಎನ್ನುವುದೇ ನನಗೆ ಇನ್ನಷ್ಟು ಸಿಟ್ಟು. ಬೆಣ್ಣೆ ಹಚ್ಚುವವರ ಮಾತಿಗೆ ಅಷ್ಟು ಬೇಗ ಕರಗಿಬಿಡುವುದೇ?

ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಅವಳನ್ನು ವೇದಿಕೆಗೆ ಹತ್ತಿಸಿದರು. ‘ನಮ್ಮ ಆಸ್ಪತ್ರೆಯ ಅತ್ಯಂತ ಸ್ಟ್ರಾಂಗ್ ಮಹಿಳೆ’ ಎಂದು ಮೈಕಿನಲ್ಲಿ ಕೂಗಿ ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. ಒಬ್ಬ ಜೋಡಿಯನ್ನು ಕೊಡಲಾರದವರು ಗಡಿಯಾರ ಕೊಟ್ಟರು! ಅದನ್ನು ಅವಳೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದಳು.

ಆಮೇಲೆ ಎಷ್ಟು ದಿನವಾದರೂ ಆ ಗಡಿಯಾರ ಗೋಡೆ ಹತ್ತಲಿಲ್ಲ. ನೆಲದ ಮೇಲೆ, ಗೋಡೆಗೆ ಒರಗಿಕೊಂಡು ಓಡುತ್ತಿತ್ತು. ಗಂಟೆ ನೋಡಬೇಕಾದರೆ ಬಗ್ಗಬೇಕು. ‘ಮೊಳೆ ಹೊಡಿಯಕ್ಕೆ ಪುರುಸೊತ್ತಿಲ್ಲ ಕಣೆ’ ಅನ್ನುತ್ತಿದ್ದಳು. ನಾನು ಮಾವನಿಗೆ ಫೋನ್ ಮಾಡಿ, ಒಂದು ದಿನ ಬಂದು ಮೊಳೆ ಹೊಡೆದುಕೊಡು ಎಂದೆ. ‘ಅಕ್ಕ ಹೊಡ್ಕೋತಾಳೆ ಬಿಡು. ಅವಳಿಗೇನು, ಸ್ಟ್ರಾಂಗು!’ ಅಂದ. ಕಬ್ಬಿಣದ ಬೀರು, ಮೇಜು, ಮಂಚ ಮಾರುವ ಅಂಗಡಿ ಅವನದು. ಅಲ್ಲಿ ಒಂದು ಸುತ್ತಿಗೆಗೆ ಬರಗಾಲವೇನೂ ಇರಲಿಲ್ಲ.

ಅಡುಗೆಮನೆಯಲ್ಲಿ ಇನ್ನೊಂದು ವಿಚಿತ್ರ ಕಂಡೆ. ಮೇಲಿನ ಹಲಗೆಯಲ್ಲಿದ್ದ ಡಬ್ಬಿಗಳೆಲ್ಲ ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಮೊದಲು ಸಕ್ಕರೆ ಕಟ್ಟೆಯ ಮೇಲೆ ಬಂತು. ಆಮೇಲೆ ಬೇಳೆ, ಉಪ್ಪು. ಒಂದು ಭಾನುವಾರ ಹೋದಾಗ ಮೇಲಿನ ಹಲಗೆ ಪೂರ್ತಿ ಖಾಲಿ, ನೆಲವೆಲ್ಲ ಡಬ್ಬಿ. ನಾನು ಸುಮ್ಮನೆ ‘ದೊಡ್ಡಮ್ಮ, ಬಲಗೈ ಎತ್ತು’ ಅಂದೆ. ಅವಳು ನಕ್ಕಳು. ‘ಎತ್ತು’ ಅಂದೆ. ಎತ್ತಿದಳು. ಕೈ ಭುಜದ ಮಟ್ಟಕ್ಕೂ ಬರಲಿಲ್ಲ, ಅಷ್ಟರಲ್ಲೇ ತುಟಿ ಕಚ್ಚಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಮಾರನೆಯ ದಿನವೇ ಎಳೆದುಕೊಂಡು ಹೋಗಿ ಅವಳ ವಾರ್ಡಿನ ಡಾಕ್ಟರಿಗೇ ತೋರಿಸಿದೆ. ದಿನವೂ ಅವಳನ್ನು ನೋಡುವ ಮನುಷ್ಯ, ಆದರೆ ಅವತ್ತೇ ಮೊದಲ ಸಲ ನೋಡಿದ ಹಾಗಿತ್ತು. ಸ್ಕ್ಯಾನ್ ಮಾಡಿಸಿದರು. ಭುಜದ ಒಳಗಿನ ಸ್ನಾಯು ಅರ್ಧ ಹರಿದಿತ್ತು.

‘ಇನ್ನು ಒಬ್ರೇ ಭಾರ ಎಳೀಬೇಡಿ. ಇನ್ನೊಂದ್ಸಲ ಹಾಗೆ ಎಳೆದ್ರೆ ಪೂರ್ತಿ ಹರಿದುಹೋಗತ್ತೆ. ಆಮೇಲೆ ತಲೆ ಬಾಚ್ಕೊಳ್ಳೋಕೂ ಕೈ ಬರಲ್ಲ, ಗೊತ್ತಾಯ್ತಾ?’ ಎಂದರು. ಆಮೇಲೆ ಚೀಟಿ ಬರೆಯುತ್ತಾ, ‘ನೋವಿಗೆ ಸ್ಟ್ರಾಂಗ್ ಮಾತ್ರೆ ಕೊಟ್ಟಿದೀನಿ. ನೀವು ಹೇಗೂ ಸ್ಟ್ರಾಂಗ್ ಇದೀರಲ್ಲ, ಬೇಗ ಸರಿಹೋಗತ್ತೆ’ ಎಂದು ಸೇರಿಸಿದರು.

ಆಗ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಒಗೆದು ಬಂದ ಶೀಟು, ದಿಂಬಿನ ಚೀಲಗಳನ್ನು ಕೂತುಕೊಂಡು ಮಡಿಸಿ ಕೊಡುವ ಕೆಲಸ. ಅದನ್ನು ಕೇಳೋಣ ಎಂದು ನಾವಿಬ್ಬರೂ ಮ್ಯಾನೇಜರ ಕೋಣೆಗೆ ಹೋದೆವು. ಅವರು ಕುರ್ಚಿಯಲ್ಲಿ ಅತ್ತಿತ್ತ ತಿರುಗುತ್ತಾ ಕೇಳಿಸಿಕೊಂಡರು.

‘ಅಲ್ಲಮ್ಮ, ಬಟ್ಟೆ ಕೋಣೆ ವೀಕ್ ಆಗಿರೋರಿಗೆ ಇಟ್ಟಿರೋದು. ನಿಮ್ಮಂಥೋರನ್ನ ಅಲ್ಲಿ ಕೂರಿಸಿದ್ರೆ ವೇಸ್ಟ್ ಅಲ್ವಾ? ಇನ್ನೊಬ್ಬಮ್ಮಂಗೆ ಕೊಟ್ಟಾಯ್ತು, ಪಾಪ, ಅವರಿಗೆ ತಲೆಸುತ್ತು ಬರತ್ತೆ.’

‘ಸಾರ್, ಡಾಕ್ಟ್ರೇ ಹೇಳಿದಾರೆ. ಸ್ನಾಯು ಹರಿದಿದೆ’ ಎಂದೆ ನಾನು.

‘ಡಾಕ್ಟ್ರು ಎಲ್ರಿಗೂ ಹಾಗೇ ಹೆದರಿಸ್ತಾರೆ. ನಿಮ್ಮ ದೊಡ್ಡಮ್ಮ ಏನು ಅಂತ ನಂಗೆ ಗೊತ್ತಿಲ್ವಾ? ಇಷ್ಟು ವರ್ಷದಿಂದ ನೋಡ್ತಿದೀನಿ.’

ನನ್ನ ಪಿತ್ತ ನೆತ್ತಿಗೇರಿತು. ‘ಹಾಗಾದ್ರೆ ಅವರ ಹೆಸರೇನು ಹೇಳಿ ಸಾರ್’ ಎಂದೆ.

ಮ್ಯಾನೇಜರು ಫ್ಯಾನ್ ನೋಡಿದರು. ಗಡಿಯಾರ ಕೊಟ್ಟ ಕೈ ಅವರದೇ. ಅವತ್ತೂ ‘ಸ್ಟ್ರಾಂಗಮ್ಮ’ ಎಂದೇ ವೇದಿಕೆಗೆ ಕರೆದಿದ್ದರು. ದೊಡ್ಡಮ್ಮ ನನ್ನ ತೋಳು ಚಿವುಟಿ ಹೊರಗೆ ಕರೆದುಕೊಂಡು ಬಂದಳು. ಮೆಟ್ಟಿಲಲ್ಲಿ ನನಗೇ ಬೈದಳು. ‘ಹಾಗೆಲ್ಲ ಕೇಳ್ತಾರೇನೆ? ಪಾಪ, ಅವರಿಗೆ ಎಷ್ಟು ಜನರ ಹೆಸರು ಅಂತ ನೆನಪಿರತ್ತೆ?’ ಅವಳ ಈ ‘ಪಾಪ’ಕ್ಕೆ ಕೊನೆಯೇ ಇಲ್ಲ. ಲೋಕದಲ್ಲಿರುವವರೆಲ್ಲ ಪಾಪ, ಅವಳೊಬ್ಬಳನ್ನು ಬಿಟ್ಟು.

ಮಾತ್ರೆ ನುಂಗಿಕೊಂಡು ಕೆಲಸ ಮುಂದುವರಿಸಿದಳು. ಒಬ್ಬಳೇ ಎಳೆಯಬೇಡ ಎಂದು ನಾನು ದಿನಾ ಬೆಳಿಗ್ಗೆ ಹೇಳುವುದು, ಅವಳು ಹೂಂ ಅನ್ನುವುದು. ರೋಗಿಗಳ ಕಡೆಯವರನ್ನು ಕಾಡಿಬೇಡಿ, ವಾರ್ಡ್ ಬಾಯನ್ನು ಟೀ ಅಂಗಡಿಯಿಂದ ಹಿಡಿದು ತಂದು ಹೇಗೋ ದಿನ ತಳ್ಳುತ್ತಿದ್ದಳು. ಯಾರೂ ಸಿಗದ ದಿನ ಏನು ಮಾಡುತ್ತಾಳೆ ಎಂದು ನೆನೆದರೆ ನನಗೆ ಅಂಗಡಿಯಲ್ಲಿ ಮಾತ್ರೆಗಳ ಲೆಕ್ಕ ತಪ್ಪುತ್ತಿತ್ತು.

ಹೀಗಿರುವಾಗ ಮಾವ ಬಿದ್ದ.

ಹೇಗೆ ಬಿದ್ದ ಎನ್ನುವುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಂಗಡಿಗೆ ಬಂದ ಗಿರಾಕಿ, ಮೇಜು ಗಟ್ಟಿಯಿದೆಯೇ ಎಂದು ಕೇಳಿದನಂತೆ. ‘ಏನ್ ಸಾರ್ ಹೀಗ್ ಕೇಳ್ತೀರಾ? ಸ್ಟ್ರಾಂಗ್ ಅಂದ್ರೆ ಸ್ಟ್ರಾಂಗ್!’ ಎಂದು ಮಾವ ತನ್ನ ಅಷ್ಟೂ ತೂಕದ ಸಮೇತ ಮೇಜು ಹತ್ತಿ ಕುಣಿದು ತೋರಿಸಿದ. ಮೇಜಿಗೆ ಏನೂ ಆಗಲಿಲ್ಲ. ಮಾವ ಜಾರಿ ಕೆಳಗೆ ಬಿದ್ದು ತೊಡೆಮೂಳೆ ಮುರಿದುಕೊಂಡ. ಅಕ್ಕ ಇರುವ ಆಸ್ಪತ್ರೆಯೇ ಆಗಬೇಕು ಎಂದು ಅಲ್ಲಿಗೇ ಕರೆತಂದರು. ಅಕ್ಕನ ನೆನಪು ಆಗುವುದಾದರೂ ಹೀಗೆ ಬಿದ್ದಾಗ.

ಪಕ್ಕದ ವಾರ್ಡಿನ ಆಯಾ ನಮ್ಮ ಅಂಗಡಿಗೆ ಓಡಿಬಂದು, ‘ನಿಮ್ಮ ಮಾವನ್ನ ತಂದಿದಾರೆ, ಮೇಲೆ ನಿಮ್ಮ ದೊಡ್ಡಮ್ಮ ಒಬ್ರೇ ಇದಾರೆ’ ಎಂದಳು. ಕೈಯಲ್ಲಿದ್ದ ಔಷಧಿ ಅಲ್ಲೇ ಬಿಟ್ಟು ಓಡಿದೆ. ಮಾವನ ಕಾಲಿನ ಚಿಂತೆ ನನಗಿರಲಿಲ್ಲ. ಕೆಟ್ಟವಳು ಅನ್ನಿ ಬೇಕಾದರೆ. ಮೂಳೆ ಕೂಡಿಕೊಳ್ಳುತ್ತದೆ. ಬೇರೆ ಯಾರಿಗಾದರೂ ಇಲ್ಲ ಅಂದಾಳೇನೋ, ಸೊಂಟದ ಮೇಲೆ ಸಾಕಿದ ತಮ್ಮನಿಗೆ ದೊಡ್ಡಮ್ಮ ಇಲ್ಲ ಅನ್ನಲಾರಳು ಎಂದು ನನಗೆ ಗೊತ್ತಿತ್ತು. ಇವತ್ತು ಆ ಕೈ ಹೋಯಿತು ಅಂದುಕೊಂಡೇ ಮೆಟ್ಟಿಲು ಹತ್ತಿದೆ.

ವಾರ್ಡಿನಲ್ಲಿ ಟ್ರಾಲಿ ಮಂಚಕ್ಕೆ ತಾಗಿ ನಿಂತಿತ್ತು. ಮಾವ ಟ್ರಾಲಿಯ ಅಂಚಿನಿಂದ ಅಂಚಿಗೆ ತುಂಬಿಕೊಂಡು ನರಳುತ್ತಿದ್ದ. ಅತ್ತೆ ಅವನ ಚಪ್ಪಲಿ ಹಿಡಿದುಕೊಂಡು ಅಳುತ್ತಿದ್ದಳು. ಹೆಡ್ ಸಿಸ್ಟರ್, ‘ಬೇಗ ಶಿಫ್ಟ್ ಮಾಡಿ ಸ್ಟ್ರಾಂಗಮ್ಮ, ಕೆಳಗೆ ಟ್ರಾಲಿ ಕೇಳ್ತಿದಾರೆ’ ಎನ್ನುತ್ತಿದ್ದರು. ವಾರ್ಡ್ ಬಾಯ್ ಬಾಗಿಲಿನ ಕಡೆಗೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ.

‘ಅಕ್ಕಾ, ನೀನೇ ಎತ್ತು. ಬೇರೆ ಯಾರೂ ಮುಟ್ಟೋದು ಬೇಡ, ನೋಯಿಸ್ಬಿಡ್ತಾರೆ’ ಎಂದ ಮಾವ.

ದೊಡ್ಡಮ್ಮ ಆಗಲೇ ಮಂಚದ ಮೇಲೆ ಮಂಡಿಯೂರಿದ್ದಳು. ಶೀಟಿನ ಅಂಚು ಬಲಗೈ ಮಣಿಕಟ್ಟಿಗೆ ಸುತ್ತಿಯಾಗಿತ್ತು.

‘ದೊಡ್ಡಮ್ಮಾ!’ ಎಂದು ಕಿರುಚಿದೆ. ಇಡೀ ವಾರ್ಡು ತಿರುಗಿ ನೋಡಿತು.

ಅವಳು ನನ್ನನ್ನು ನೋಡಿದಳು. ಟ್ರಾಲಿಯ ಮೇಲಿದ್ದ ತಮ್ಮನನ್ನು ನೋಡಿದಳು. ಆಮೇಲೆ ತನ್ನ ಮಣಿಕಟ್ಟನ್ನು, ಯಾರದೋ ಕೈಯನ್ನು ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು. ಸುತ್ತಿದ್ದ ಶೀಟನ್ನು ಎಡಗೈಯಿಂದ ಬಿಚ್ಚಿದಳು. ಮಂಚದಿಂದ ಇಳಿದು ನಿಂತಳು.

‘ನಂಗೆ ಆಗಲ್ಲ’ ಅಂದಳು.

‘ಏನಾಗಲ್ಲ?’ ಹೆಡ್ ಸಿಸ್ಟರಿಗೆ ಅರ್ಥವೇ ಆಗಲಿಲ್ಲ.

‘ಒಬ್ಳೇ ಎಳೆಯಕ್ಕೆ ಆಗಲ್ಲ ಸಿಸ್ಟರ್. ಕೈ ಹರಿದಿದೆ. ಜನ ಬರ್ಲಿ.’

ಅತ್ತೆಯ ಅಳು ಥಟ್ಟನೆ ನಿಂತಿತು. ‘ಏನ್ ಅತ್ತಿಗೆ ಇದು! ಯಾರ್ಯಾರನ್ನೋ ಎತ್ತಿ ಇಳಿಸ್ತೀರಿ, ಒಡಹುಟ್ಟಿದ ತಮ್ಮನ್ನ ಎತ್ತಕ್ಕೆ ಆಗಲ್ವಾ? ಎಂಥಾ ಕಲ್ಲು ಮನಸ್ಸಪ್ಪಾ ನಿಮ್ದು!’

ಕೇಳಿ! ಬೆಳಿಗ್ಗೆಯವರೆಗೂ ಸ್ಟ್ರಾಂಗು, ಈಗ ಕಲ್ಲು. ಒಂದು ಸಲ, ಒಂದೇ ಒಂದು ಸಲ ಆಗುವುದಿಲ್ಲ ಎಂದದ್ದಕ್ಕೆ. ನಾನು ಬಾಯಿಗೆ ಬಂದದ್ದನ್ನು ಅಂದುಬಿಡುವವಳಿದ್ದೆ. ದೊಡ್ಡಮ್ಮ ಕೈ ಅಡ್ಡ ಹಿಡಿದಳು, ಎಡಗೈ.

‘ಚಪ್ಪಲಿ ಕೆಳಗಿಡಮ್ಮ’ ಎಂದು ಅತ್ತೆಗೆ ಹೇಳಿದಳು. ‘ಬಂದು ಈ ಕಡೆ ಹಿಡ್ಕೋ.’

ಗಲಾಟೆ ಕೇಳಿ ಮ್ಯಾನೇಜರೂ ಮೇಲೆ ಬಂದಿದ್ದರು. ‘ಏನಮ್ಮ, ನೀವೇ ಹೀಗಂದ್ರೆ ಹೇಗೆ?’ ಎಂದರು. ದೊಡ್ಡಮ್ಮ ಅವರಿಗೂ ಮಂಚದ ಆಚೆ ಬದಿ ತೋರಿಸಿ, ‘ಸಾರ್, ನೀವು ಆ ಕಡೆ ಬನ್ನಿ’ ಅಂದಳು. ಧ್ವನಿ ಏರಿಸಲಿಲ್ಲ. ಸುತ್ತ ಮಂಚಗಳ ಮೇಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು; ಅವರಲ್ಲಿ ಅವಳು ಎತ್ತದೆ ಇದ್ದವರು ಒಬ್ಬರೂ ಇರಲಿಲ್ಲ. ಮ್ಯಾನೇಜರು ಅಂಗಿಯ ತೋಳು ಮಡಿಸಿಕೊಂಡು ಆ ಕಡೆ ಹೋದರು. ವಾರ್ಡ್ ಬಾಯನ್ನು ಹೆಡ್ ಸಿಸ್ಟರೇ ಕಾಲರ್ ಹಿಡಿಯುವುದೊಂದು ಬಾಕಿ ಎನ್ನುವ ಹಾಗೆ ಎಳೆದು ತಂದರು. ನಾನು ಅತ್ತೆಯ ಪಕ್ಕ ನಿಂತೆ.

‘ಬರೀ ತುದಿ ಹಿಡೀಬೇಡಿ. ಸುತ್ತಿ. ಇನ್ನೂ ಸುತ್ತಿ ಸಾರ್, ಮೈಗೆ ತಾಗೋವರೆಗೂ. ಹಿಡ್ಕೊಂಡ್ರಾ?’ ದೊಡ್ಡಮ್ಮ ತಲೆಯ ಕಡೆ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ. ‘ಹೂಂ... ಎತ್ತಿ!’

ಎತ್ತಿದೆವು. ನನ್ನ ಬೆರಳುಗಳು ಕಿತ್ತುಬರುವ ಹಾಗಾಯಿತು. ಮಾವ ಮಂಚಕ್ಕೆ ಬಂದು ಬಿದ್ದ. ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ವಾರ್ಡ್ ಬಾಯ್ ಮೀಸೆಯ ಬೆವರು ಒರೆಸಿಕೊಂಡ. ಮ್ಯಾನೇಜರು ಗೋಡೆಗೆ ಒರಗಿ ಏದುಸಿರು ಬಿಡುತ್ತಾ, ‘ಅಬ್ಬಬ್ಬಾ, ಇಷ್ಟೊಂದು ಭಾರ ಇರತ್ತಾ?’ ಎಂದರು.

ಇರತ್ತೆ ಸಾರ್. ದಿನಾ ಇರತ್ತೆ. ಕಡ್ಡಿಯಕ್ಕ ಹೋದಾಗಿನಿಂದ ಇಷ್ಟೇ ಭಾರ ಇತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಿಯೇ ಹೇಳಿದೆ. ಅವರು ತೋಳು ಇಳಿಸಿಕೊಳ್ಳುತ್ತಾ ಹೊರಟುಹೋದರು.

ದೊಡ್ಡಮ್ಮನಿಗೆ ಬಟ್ಟೆ ಕೋಣೆ ಇನ್ನೂ ಸಿಕ್ಕಿಲ್ಲ. ಆದರೆ ಟ್ರಾಲಿ ಬಂದಾಗ ಎರಡನೆಯವರು ಬರುವವರೆಗೂ ಅವಳು ಶೀಟು ಮುಟ್ಟುವುದಿಲ್ಲ. ವಾರ್ಡ್ ಬಾಯ್ ಟೀ ಕಡಿಮೆ ಮಾಡಿದ್ದಾನೆ. ಸ್ಟ್ರಾಂಗಮ್ಮ ಎಂದು ಕೂಗುವವರೂ ಕಡಿಮೆಯಾಗಿದ್ದಾರೆ. ಈಗ ಬೆನ್ನ ಹಿಂದೆ ಜಂಬದವಳು ಅನ್ನುತ್ತಾರಂತೆ. ಅನ್ನಲಿ, ಜಂಬಕ್ಕೆ ಸ್ನಾಯು ಹರಿಯುವುದಿಲ್ಲ. ಗಡಿಯಾರಕ್ಕೆ ಮೊಳೆ ಹೊಡೆದವಳು ನಾನು, ಸ್ವಲ್ಪ ಸೊಟ್ಟಗಾಗಿದೆ.

ಮಾವ ಬಿದ್ದ ದಿನದ ಸಂಜೆ ನಾನು ಅವನ ಮಾತ್ರೆ ಕೊಡಲು ವಾರ್ಡಿಗೆ ಹೋಗಿದ್ದೆ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ, ಮುಖ ಊದಿಸಿಕೊಂಡಿದ್ದ. ದೊಡ್ಡಮ್ಮ ಅವನ ಶೀಟಿನ ಸುಕ್ಕನ್ನು ಎಡಗೈಯಿಂದ ಸರಿಮಾಡುತ್ತಿದ್ದಳು.

‘ನೀನು ಮೊದ್ಲಿನ ಹಾಗಿಲ್ಲ ಅಕ್ಕ’ ಎಂದ ಅವನು. ‘ಚಿಕ್ಕವನಿದ್ದಾಗ ದಿನವೆಲ್ಲಾ ನನ್ನನ್ನ ಸೊಂಟದ ಮೇಲೆ ಎತ್ಕೊಂಡು ತಿರುಗ್ತಿದ್ದೆ. ಒಂದು ದಿನಾನೂ ಭಾರ ಅಂದವಳಲ್ಲ ನೀನು.’

ದೊಡ್ಡಮ್ಮನ ಕೈ ನಿಂತಿತು.

‘ಆಗ್ಲೂ ನೀನು ಭಾರವೇ ಇದ್ದೆ ಕಣೋ’ ಅಂದಳು. ‘ಯಾರೂ ಕೇಳ್ಲಿಲ್ಲ.’